ಮೈಕಿಗೆ ಹಿಡಿಯದ ದನಿ

ಚಿಕ್ಕತಾಯಮ್ಮನವರ ಕಂಠದಲ್ಲಿ ಯಾವ ದೋಷವೂ ಇರಲಿಲ್ಲ. ಸ್ವಿಚ್ ಹಾಕಲು ಮರೆತವನು ನಾನು.

ಎರಡೇ ವಾಕ್ಯ. ಇವನ್ನು ಬರೆಯುವುದಕ್ಕೆ ನನಗೆ ಇಪ್ಪತ್ತಾರು ವರ್ಷ ಬೇಕಾಯಿತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಆಯುಷ್ಯ ಕಳೆದವನಿಗೆ ಒಂದು ಕಡತ ಇಪ್ಪತ್ತಾರು ವರ್ಷ ಕದಲದೆ ಕೂತಿರುವುದು ಹೊಸ ಸಂಗತಿಯಲ್ಲ. ಆದರೆ ಕಚೇರಿಯ ಕಡತವಾದರೆ ಮೇಲಿನವರು, ಕೆಳಗಿನವರು, ವರ್ಗವಾಗಿ ಹೋದವರು ಎಂದು ಯಾರನ್ನಾದರೂ ತೋರಿಸಬಹುದಿತ್ತು. ಈ ಕಡತದ ಮೇಲೆ ಕೂತವನು ನಾನೊಬ್ಬನೇ.

ಓದುತ್ತಿರುವವರಲ್ಲಿ ಕೆಲವರು ನಂಜನಗೂಡಿನ ನಮ್ಮ ಮನೆಯ ಮಹಡಿಗೆ ಬಂದಿದ್ದೀರಿ. ತಿಂಗಳ ಕೊನೆಯ ಭಾನುವಾರ ಸಂಜೆ ನಾಲ್ಕಕ್ಕೆ ಅಲ್ಲಿ ಸುತ್ತಲಿನ ಊರುಗಳ ಹಾಡುಗಾರರು, ವಾದ್ಯದವರು ಬಂದು ಕೂರುತ್ತಾರೆ. ನಲವತ್ತು ಜನ ಚಾಪೆಯ ಮೇಲೆ, ಮಂಡಿ ನೋವಿನವರು ಗೋಡೆ ಪಕ್ಕದ ಬೆಂಚಿನ ಮೇಲೆ. ‘ಮೇಲಿನ ಮನೆ’ ಎಂದು ಅದಕ್ಕೆ ಹೆಸರು. ಅಲ್ಲಿ ಮೈಕ್ ಇಲ್ಲ. ಮೈಕ್ ಇಡುವುದಿಲ್ಲ ಎಂಬುದೇ ಅಲ್ಲಿಯ ನಿಯಮ. ಆ ನಿಯಮವನ್ನು ನೀವು ಹೊಗಳಿದ್ದೀರಿ. ಕಾಲೇಜಿನ ಅಧ್ಯಾಪಕರೊಬ್ಬರು ಎದ್ದು ನಿಂತು, ಯಂತ್ರದ ಹಂಗಿಲ್ಲದ ನಾದ, ಕೊರಳಿನಿಂದ ಕಿವಿಗೆ ನೇರ ದಾರಿ ಎಂದೆಲ್ಲ ಇಪ್ಪತ್ತು ನಿಮಿಷ ಮಾತಾಡಿದರು. ನಾನು ಕೈಮುಗಿದು, ತಲೆ ತಗ್ಗಿಸಿ, ವಿನಯದ ಪ್ರತಿಮೆಯಂತೆ ನಿಂತಿದ್ದೆ. ಸದರಿ ಹೊಗಳಿಕೆಯನ್ನು ದಯಮಾಡಿ ವಾಪಸು ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಆ ನಿಯಮ ಹುಟ್ಟಿದ್ದು ನಾದದ ಮೇಲಿನ ಭಕ್ತಿಯಿಂದಲ್ಲ. ಒಂದು ಸುಳ್ಳನ್ನು ಮುಚ್ಚಿಡಲು ಅದಕ್ಕಿಂತ ಅಗಲವಾದ ಚಾಪೆ ನನಗೆ ಸಿಗಲಿಲ್ಲ — ಅದಕ್ಕೆ.

ಆ ಮಹಡಿ ಮೊದಲು ನನ್ನ ಧ್ವನಿಮುದ್ರಣಾಲಯವಾಗಿತ್ತು. ‘ಸ್ಟುಡಿಯೋ’ ಎಂದರೆ ಸಾಕಿತ್ತು. ನಾನು ಬೋರ್ಡಿನ ಮೇಲೆ ‘ನಾದಭಾರತಿ ಧ್ವನಿಮುದ್ರಣಾಲಯ’ ಎಂದು ಬರೆಸಿದ್ದೆ. ಬೋರ್ಡು ಕೋಣೆಗಿಂತ ಅರ್ಧ ಅಡಿ ಮಾತ್ರ ಚಿಕ್ಕದು. ಮನೆ ಇರುವುದು ರೈಲು ಹಳಿಯಿಂದ ಕೂಗಳತೆಯಲ್ಲಿ. ಧ್ವನಿಮುದ್ರಣಕ್ಕೆ ಇದಕ್ಕಿಂತ ಕೆಟ್ಟ ಜಾಗ ಇಡೀ ತಾಲ್ಲೂಕಿನಲ್ಲಿ ಹುಡುಕಿದರೂ ಸಿಕ್ಕುತ್ತಿರಲಿಲ್ಲ. ಗೋಡೆಗೆ ಮೊಟ್ಟೆ ಇಡುವ ರಟ್ಟಿನ ಟ್ರೇಗಳನ್ನು ಅಂಟಿಸಿ, ಬಾಗಿಲಿಗೆ ಎರಡು ಪದರ ಗೋಣಿ ಹೊಡೆದು, ಮೂಲೆಯಲ್ಲೊಂದು ಗಾಜಿನ ಗೂಡು ಮಾಡಿಕೊಂಡು ಅದರೊಳಗೆ ನಾನು ವಿರಾಜಮಾನನಾಗುತ್ತಿದ್ದೆ. ಗೂಡಿನ ಗೋಡೆಯ ಮೇಲೆ ದೇವರ ಪಟವಿರಲಿಲ್ಲ, ರೈಲಿನ ವೇಳಾಪಟ್ಟಿ ಇತ್ತು. ಚಾಮರಾಜನಗರದ ಗಾಡಿ ಹೋದ ಮೇಲೆ ಪಲ್ಲವಿ, ಮೈಸೂರಿನ ಗಾಡಿ ಬರುವುದರೊಳಗೆ ಮಂಗಳ. ಫ್ಯಾನ್ ಹಾಕುವಂತಿಲ್ಲ. ಹಾಡುವವರು ಬೆವರಿನಲ್ಲಿ ತೊಯ್ದು ಹೋಗುತ್ತಿದ್ದರು. ಅದನ್ನು ನಾನು ಸಾಧನೆ ಎನ್ನುತ್ತಿದ್ದೆ.

ವಾರದಲ್ಲಿ ಆರು ದಿನ ಪಹಣಿ, ಖಾತೆ. ಭಾನುವಾರ ಮಾತ್ರ ನಾನು ಧ್ವನಿತಜ್ಞ. ತಜ್ಞ ಎಂದು ಮೊದಲು ಕರೆದವನು ನಾನೇ. ಆಮೇಲೆ ಊರಿನವರೂ ಒಪ್ಪಿಕೊಂಡರು — ಬೇರೆ ಯಾರೂ ಆ ಹುದ್ದೆಗೆ ಅರ್ಜಿ ಹಾಕಿರಲಿಲ್ಲ.

ನನ್ನ ಹತ್ತಿರ ಇದ್ದದ್ದು ನಾಲ್ಕು ಟ್ರ್ಯಾಕಿನ ಯಂತ್ರ. ಅಂದರೆ ಒಂದೇ ಟೇಪಿನ ಮೇಲೆ ನಾಲ್ಕು ಪ್ರತ್ಯೇಕ ಸಾಲು. ಒಂದರಲ್ಲಿ ಹಾರ್ಮೋನಿಯಂ, ಎರಡರಲ್ಲಿ ಢೋಲಕ್, ತಾಳ, ಮೂರರಲ್ಲಿ ಮುಖ್ಯ ಗಾಯಕಿ, ನಾಲ್ಕರಲ್ಲಿ ಹಿಮ್ಮೇಳ. ಪ್ರತಿ ಸಾಲಿಗೂ ಒಂದೊಂದು ಸಣ್ಣ ಸ್ವಿಚ್. ಅದನ್ನು ಮೇಲಕ್ಕೆತ್ತಿದರೆ ಮಾತ್ರ ಆ ಸಾಲು ಟೇಪಿನ ಮೇಲೆ ಕೂರುತ್ತದೆ. ಎತ್ತದಿದ್ದರೂ ನನ್ನ ಕಿವಿಯ ಹೆಡ್‌ಫೋನಿಗೆ ಎಲ್ಲ ಚೆನ್ನಾಗಿಯೇ ಕೇಳುತ್ತದೆ. ಯಂತ್ರದ ಈ ಗುಣವನ್ನು ಮರೆಯಬೇಡಿ. ನಾನು ಮರೆತೆ.

ಆ ಭಾನುವಾರ ತಿರುಮಕೂಡಲು ನರಸೀಪುರದ ಕಡೆಯಿಂದ ಒಂದು ತಂಡ ಬಂತು. ಸೋಬಾನೆ ಮತ್ತು ನಾಟಿ ಪದಗಳ ಒಂದು ಕ್ಯಾಸೆಟ್ ಆಗಬೇಕಿತ್ತು. ಕರೆತಂದವರು ಪುಟ್ಟಸ್ವಾಮಿ — ವೃತ್ತಿಯಲ್ಲಿ ಟೈಲರ್, ಉಳಿದ ಹೊತ್ತಿನಲ್ಲಿ ಹಾರ್ಮೋನಿಯಂ. ಮುಖ್ಯ ಗಾಯಕಿ ಚಿಕ್ಕತಾಯಮ್ಮ. ಆಗ ಅವರಿಗೆ ನಲವತ್ತು ದಾಟಿತ್ತು. ಗದ್ದೆ ಕೂಲಿಯ ಹೆಂಗಸು. ಅವರ ಸೀಮೆಯಲ್ಲಿ ಯಾರ ಮನೆಯ ಮದುವೆಯಾದರೂ ಚಪ್ಪರದ ಕೆಳಗೆ ಅವರು ಪದ ಎತ್ತದೆ ಅರಿಶಿನ ಹಚ್ಚುತ್ತಿರಲಿಲ್ಲವಂತೆ. ಹಿಮ್ಮೇಳಕ್ಕೆ ಆರು ಜನ ಹೆಂಗಸರು. ಎಲ್ಲರೂ ಒಂದು ದಿನದ ಕೆಲಸ ಬಿಟ್ಟು, ಬೆಳಗಿನ ಬಸ್ಸು ಹಿಡಿದು, ತಲೆಗೆ ಹೂ ಮುಡಿದು ಬಂದಿದ್ದರು. ಕ್ಯಾಸೆಟ್ಟಿಗೂ ಹೂವಿಗೂ ಸಂಬಂಧವಿಲ್ಲ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಚಿಕ್ಕತಾಯಮ್ಮ ಮೈಕಿನ ಮುಂದೆ ನಿಂತು ಹಾಡಿದರು. ಕೂತು ಬರುವುದಿಲ್ಲ ಎಂದರು. ಹಾಡುತ್ತ ಹಾಡುತ್ತ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತಿದ್ದರು, ಮತ್ತೆ ಮುಂದೆ ಬರುತ್ತಿದ್ದರು. ನಾನು ಗಾಜಿನೊಳಗಿಂದ ಅಲುಗಬೇಡ ಎಂದು ಕೈಸನ್ನೆ ಮಾಡಿದೆ. ಆಗ ಪುಟ್ಟಸ್ವಾಮಿ ಹೇಳಿದರು, "ಬುಟ್ಬುಡಿ ಸಾ. ನಾಟಿ ಹಾಕೋರು ಹಿಂದಿಂದಕ್ಕೆ ಓಯ್ತಾರಲ್ವಾ. ಆ ಯಮ್ಮ ಉಸ್ರು ತಗಳೋದು ಆ ಹೆಜ್ಜೆಗೇ."

ಏಳು ಪದ. ಎರಡು ರೈಲುಗಳ ನಡುವೆ ಮೂರು, ಊಟದ ಮೇಲೆ ನಾಲ್ಕು. ಹೆಡ್‌ಫೋನಿನೊಳಗೆ ಆ ದನಿ — ಅದನ್ನು ವರ್ಣಿಸಲು ಹೋಗುವುದಿಲ್ಲ. ವರ್ಣಿಸುವ ಹಕ್ಕು ನನಗಿಲ್ಲ. ಆ ದಿನ ನನ್ನ ಕೈಯ ಪೆನ್ಸಿಲ್ ಕೆಳಗೆ ಬಿದ್ದಿತ್ತು. ಐದು ನಿಮಿಷ ನಾನು ಅದನ್ನು ಎತ್ತಿಕೊಳ್ಳಲಿಲ್ಲ. ಅಷ್ಟು ಹೇಳಿದರೆ ಸಾಕು.

ಕೊನೆಯಲ್ಲಿ ಎಲ್ಲರನ್ನೂ ಕೂರಿಸಿ ಟೇಪ್ ಹಾಕಿದೆ. ಕ್ಯಾಸೆಟ್ ಹಂಚುವ ಮೈಸೂರಿನ ವ್ಯಾಪಾರಿಯೂ ಅಷ್ಟು ಹೊತ್ತಿಗೆ ಬಂದಿದ್ದರು. ಅವರ ಮುಂದೆ ನನ್ನ ಯಂತ್ರದ ಮಹಿಮೆಯನ್ನು ಅರ್ಧ ಗಂಟೆ ಕೊಂಡಾಡಿದ್ದೆ. ಹಾರ್ಮೋನಿಯಂ ಬಂತು, ಢೋಲಕ್ ಬಂತು, ಹಿಮ್ಮೇಳ ಬಂತು. ಚಿಕ್ಕತಾಯಮ್ಮ ಬರಲಿಲ್ಲ. ಎಲ್ಲೋ ದೂರದಿಂದ, ಹಿಮ್ಮೇಳದ ಮೈಕಿಗೆ ಅಕಸ್ಮಾತ್ತಾಗಿ ಬಿದ್ದ ಒಂದು ಎಳೆ ಮಾತ್ರ ಕೇಳುತ್ತಿತ್ತು — ಆಚೆ ದಡದಿಂದ ಯಾರೋ ಕರೆದ ಹಾಗೆ.

ನಾನು ಯಂತ್ರದ ಕಡೆ ನೋಡಿದೆ. ಮೂರನೇ ಸ್ವಿಚ್ ಕೆಳಗಿತ್ತು.

"ಇದೇನ್ ಸ್ವಾಮಿ," ಎಂದರು ವ್ಯಾಪಾರಿ, "ಮೇನ್ ಹಾಡೋರು ಬಾವಿಯೊಳಗೆ ಬಿದ್ದಂಗದೆ?"

ಹನ್ನೊಂದು ಜನ ನನ್ನ ಮುಖ ನೋಡಿದರು. ಸ್ವಿಚ್ ಮರೆತೆ, ಕ್ಷಮಿಸಿ, ಇನ್ನೊಂದು ಗಂಟೆ ಕೂತರೆ ಅವರ ಸಾಲನ್ನು ಮಾತ್ರ ಮತ್ತೆ ತುಂಬಬಹುದು — ಇಷ್ಟು ಹೇಳಬೇಕಿತ್ತು. ಒಂದು ಗಂಟೆಯ ಕೆಲಸ. ಯಂತ್ರ ಇರುವುದೇ ಅದಕ್ಕೆ. ಆದರೆ ನನ್ನ ಬಾಯಿ ನನ್ನನ್ನು ಕೇಳದೆ... ಇಲ್ಲ, ಇದು ಸರಿಯಲ್ಲ. ಬಾಯಿ ನನ್ನದೇ. ನಾನೇ ಹೇಳಿದೆ.

"ಕೆಲವರ ಕಂಠ ಹೀಗೇ ಸಾರ್, ಮೈಕಿಗೆ ಹಿಡಿಯೋದಿಲ್ಲ," ಎಂದೆ ವ್ಯಾಪಾರಿಗೆ. ಆಮೇಲೆ ಚಿಕ್ಕತಾಯಮ್ಮನವರ ಕಡೆ ತಿರುಗಿ, ಕರುಣೆಯಿಂದ — ಕರುಣೆಯಿಂದ! — "ನಿನ್ನ ತಪ್ಪೇನಿಲ್ಲ ಕಣಮ್ಮ. ಹುಟ್ಟಿನಿಂದ ಬಂದದ್ದು" ಎಂದೆ.

ಹುಟ್ಟಿನಿಂದ ಬಂದದ್ದು. ಆ ಮಾತನ್ನು ಅವರ ಕೇರಿಯವರಿಗೆ ಎಷ್ಟು ಜನ, ಎಷ್ಟು ತಲೆಮಾರಿನಿಂದ, ಯಾವ ಯಾವ ನೆಪಕ್ಕೆ ಹೇಳಿಕೊಂಡು ಬಂದಿದ್ದರೋ. ನಾನು ಅದಕ್ಕೆ ತಾಂತ್ರಿಕ ಕಾರಣ ಒದಗಿಸಿದೆ. ಮತ್ತೆ ಏಕವಚನ. ನನಗಿಂತ ಹೆಚ್ಚೆಂದರೆ ಒಂದೆರಡು ವರ್ಷ ಚಿಕ್ಕವರಿದ್ದಿರಬಹುದು. ಕಚೇರಿಯಲ್ಲಿ ಕೂತವರ ನಾಲಗೆಗೆ ಆ ಏಕವಚನ ತಾನಾಗಿ ಬರುತ್ತಿತ್ತು, ಅದನ್ನೂ ಯಾರೂ ಕೇಳುತ್ತಿರಲಿಲ್ಲ.

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಅಂಗಾ ಬುದ್ಧಿ?" ಎಂದರು. "ನಂಗೆ ಗೊತ್ತಿರ್ನಿಲ್ಲ."

ಅಷ್ಟೇ. ಎಲೆ ಅಡಿಕೆಯ ಚೀಲ ತೆಗೆದುಕೊಂಡು ಹೋಗಿ ಗೋಡೆಗೆ ಒರಗಿ ಕೂತರು.

ಇಲ್ಲಿಗೆ ನಿಂತಿದ್ದರೆ ಒಂದು ತಪ್ಪು. ನಿಲ್ಲಲಿಲ್ಲ. ಒಂದು ಸಲ ಹಾಗೆ ಹೇಳಿಬಿಟ್ಟ ಮೇಲೆ ಅವರಿಂದಲೇ ಮತ್ತೆ ಹಾಡಿಸುವಂತಿಲ್ಲ. ಹಾಡಿಸಿದರೆ ದನಿ ಹಿಡಿದುಬಿಡುತ್ತದೆ. ಆದ್ದರಿಂದ ಮೈಸೂರಿನಿಂದ ಆರ್ಕೆಸ್ಟ್ರಾದ ಒಬ್ಬ ಗಾಯಕಿಯನ್ನು ಕರೆಸಿದೆವು. ಒಳ್ಳೆಯ ಹೆಣ್ಣುಮಗಳು, ಅವಳ ತಪ್ಪಿಲ್ಲ. ಅವಳಿಗೆ ಪದ ಬರುತ್ತಿರಲಿಲ್ಲ. ಕಲಿಸಿದವರು ಯಾರು? ಚಿಕ್ಕತಾಯಮ್ಮನೇ. ನಾನೇ ಹೇಳಿಕಳಿಸಿದೆ, ಅವರು ಮತ್ತೆ ಬಸ್ಸು ಹತ್ತಿ ಬಂದರು. ಎರಡು ಭಾನುವಾರ ನಮ್ಮ ಮಹಡಿ ಮೆಟ್ಟಿಲ ಮೇಲೆ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಸಾಲನ್ನೂ ತಿದ್ದಿದರು. "ಅಲ್ಲಿ ಉಸ್ರು ತಗಬ್ಯಾಡ ಮಗಾ, ಬಗ್ಗಿರೋರಿಗೆ ಅಲ್ಲಿ ಉಸ್ರು ಬರಾಕಿಲ್ಲ" ಎನ್ನುತ್ತಿದ್ದುದು ನನಗೆ ಮೇಲಕ್ಕೆ ಕೇಳಿಸುತ್ತಿತ್ತು.

ಕೆಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಪಾರ್ವತಿಗೂ ಕೇಳಿಸುತ್ತಿತ್ತು. ಅವಳು ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿದಳು, "ಆಯಮ್ಮನ ದನಿ ಮೈಕಿಗೆ ಹಿಡಿಯಲ್ಲ ಅಂದ್ರಂತೆ?"

"ಹೌದು. ತಾಂತ್ರಿಕ ವಿಷಯ."

"ನನ್ನ ಅಡುಗೆಮನೆಗೆ ಹಿಡೀತಲ್ಲ. ಗೋಣಿ ಹೊಡೆದ ಬಾಗಿಲು ದಾಟಿ, ಮೆಟ್ಟಿಲಿಳಿದು ಬಂತು. ಅಲ್ಲೇ ಮೂಗಿನ ಮುಂದಿದ್ದ ಮೈಕಿಗೆ ಏನಾಗಿತ್ತು?"

ಸಾರು ಬಿಸಿಯಿದೆ ಎಂದು ನಾನು ಮಾತು ತಪ್ಪಿಸಿದೆ. ಅವಳು ಮತ್ತೆ ಕೇಳಲಿಲ್ಲ. ಕೇಳದೆ ಇರುವುದು ಕೂಡ ಅವಳಲ್ಲಿ ಒಂದು ಬಗೆಯ ವಿಚಾರಣೆ.

ಕ್ಯಾಸೆಟ್ ಚೆನ್ನಾಗಿಯೇ ಹೋಯಿತು. ಹುಲ್ಲಹಳ್ಳಿಯ ಬಸ್ಸಿನಲ್ಲಿ, ನರಸೀಪುರದ ಬಸ್ಸಿನಲ್ಲಿ, ಹೋಟೆಲುಗಳಲ್ಲಿ ಅದೇ ಪದ. ಹಿಮ್ಮೇಳದ ಸಾಲಿಗೆ ಬಿದ್ದಿದ್ದ ಚಿಕ್ಕತಾಯಮ್ಮನ ಎಳೆಯನ್ನು ತೆಗೆಯಲು ನನ್ನ ಯಂತ್ರಕ್ಕೆ ಬರುತ್ತಿರಲಿಲ್ಲ. ಆದ್ದರಿಂದ ಆ ಹುಡುಗಿಯ ದನಿಯ ಹಿಂದೆ ಅದು ನೆರಳಿನ ಹಾಗೆ ಉಳಿದುಹೋಯಿತು. ಜನ ನನಗೆ ಹೇಳುತ್ತಿದ್ದರು — ಎಕೋ ಬಹಳ ಚೆನ್ನಾಗಿ ಹಾಕಿದ್ದೀರಿ ಸಾರ್.

ನಾನು ಧನ್ಯವಾದ ಹೇಳುತ್ತಿದ್ದೆ.

ಆಮೇಲೆ ಕ್ಯಾಸೆಟ್ಟು ಹೋಯಿತು, ಸಿ.ಡಿ. ಬಂದು ಅದೂ ಹೋಯಿತು, ಎಲ್ಲರ ಜೇಬಿನಲ್ಲೂ ಒಂದೊಂದು ಸ್ಟುಡಿಯೋ ಬಂತು. ನಾದಭಾರತಿ ಮುಚ್ಚಿತು. ಗಾಜಿನ ಗೂಡಿನಲ್ಲಿ ಪಾರ್ವತಿ ಒಣಮೆಣಸಿನಕಾಯಿ ಹರವಿದಳು. ನಾನು ನಿವೃತ್ತನಾಗಿ ಪೇಪರಿನಲ್ಲಿ ಶ್ರದ್ಧಾಂಜಲಿ ಓದುವ ವಯಸ್ಸಿಗೆ ಬಂದೆ.

ಹೋದ ವರ್ಷ ಒಂದು ದಿನ ಪುಟ್ಟಸ್ವಾಮಿ ಬಂದರು. ತಲೆ ಬೆಳ್ಳಗಾಗಿದೆ, ಕೊರಳಲ್ಲಿ ಈಗಲೂ ಅಳತೆ ಟೇಪು. "ಸಾ, ಮೇಲ್ಗಡೆ ರೂಮು ಸುಮ್ನೆ ಬಿದ್ದದೆ. ನಮಗೆ ಕೂತ್ಕಂಡು ನುಡ್ಸಕ್ಕೆ ಊರಲ್ಲಿ ಒಂದ್ ಜಾಗ ಇಲ್ಲ. ದೇವಸ್ಥಾನದಲ್ಲಿ ಕೂತ್ರೆ ಭಜನೆನೇ ಆಗ್ಬೇಕು. ಮನೇಲಿ ಕೂತ್ರೆ ಪಕ್ಕದ ಮನೆಯೋರು ಟೀವಿ ಸೌಂಡ್ ಜಾಸ್ತಿ ಮಾಡ್ತಾರೆ. ಹಾಡೋರವ್ರೆ, ಕೇಳೋರವ್ರೆ, ಮಧ್ಯದಾಗೆ ಒಂದ್ ಚಾಪೆ ಇಲ್ಲ."

ನನಗೆ ಒಪ್ಪಿಗೆಯಾಯಿತು. ಪಾರ್ವತಿಗೆ ನನಗಿಂತ ಮೊದಲೇ ಆಗಿತ್ತು. ಮೆಣಸಿನಕಾಯಿಯನ್ನು ಆವತ್ತೇ ಕೆಳಗಿಳಿಸಿದಳು. ಗಾಜಿನ ಗೂಡು ಒಡೆಸಿದೆವು. ಗೋಣಿ ಕಿತ್ತು ಕಿಟಕಿ ತೆರೆದೆವು. ಮೊಟ್ಟೆ ಟ್ರೇಗಳನ್ನು ಒಂದು ಗೋಡೆಗೆ ಮಾತ್ರ ಉಳಿಸಿಕೊಂಡೆವು — ಅವಿಲ್ಲದಿದ್ದರೆ ತಮಟೆಯ ಪೆಟ್ಟು ಗೋಡೆಗೆ ಬಡಿದು ಎರಡಾಗಿ ವಾಪಸು ಬರುತ್ತದೆ. ಬೋರ್ಡನ್ನು ಇಳಿಸಲು ನಾಲ್ಕು ಜನ ಬೇಕಾಯಿತು. ‘ಮೇಲಿನ ಮನೆ ಅಂದ್ರೆ ಸಾಕು, ಜನಕ್ಕೆ ಬಾಯಿ ನೋಯಲ್ಲ’ ಎಂದು ಹೆಸರಿಟ್ಟವಳೂ ಪಾರ್ವತಿಯೇ.

ಗೂಡು ಒಡೆಸುವಾಗ ಬೆಂಚಿನ ಕೆಳಗಿಂದ ನನ್ನ ರಿಜಿಸ್ಟರು ಹೊರಬಂತು. ಪ್ರತಿ ಧ್ವನಿಮುದ್ರಣಕ್ಕೂ ನಾನು ಕಚೇರಿಯ ಪದ್ಧತಿಯಂತೆ ನಮೂದು ಮಾಡುತ್ತಿದ್ದೆ: ದಿನ, ತಂಡ, ಯಾವ ಸಾಲಿನಲ್ಲಿ ಯಾರು, ಕೊನೆಗೆ ಷರಾ. ಆ ಭಾನುವಾರದ ಪುಟ ತೆರೆದು ನೋಡಿದೆ. ನನ್ನದೇ ಅಕ್ಷರ, ದುಂಡಗೆ: ‘ಷರಾ: ಮೂರನೇ ಟ್ರ್ಯಾಕಿನ ಸ್ವಿಚ್ ಹಾಕಿರುವುದಿಲ್ಲ. ಗಾಯಕಿಯ ದನಿ ದಾಖಲಾಗಿರುವುದಿಲ್ಲ.’ ಕೆಳಗೆ ಸಹಿ.

ಬರೆದಿದ್ದೆ ಎಂಬುದೇ ನನಗೆ ಮರೆತಿತ್ತು. ದಾಖಲೆಯಲ್ಲಿ ಸುಳ್ಳು ಬರೆಯಬಾರದು ಎಂದು ಕಚೇರಿ ನನಗೆ ಕಲಿಸಿತ್ತು. ಬಾಯಲ್ಲಿ ಹೇಳುವುದರ ಬಗ್ಗೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ಆ ಹೆಂಗಸಿಗೆ ಹುಟ್ಟಿನ ದೋಷ ಹೊರಿಸಿದ ಸಂಜೆಯೇ ನಾನು ಕೂತು, ಸತ್ಯವನ್ನು ಅಚ್ಚುಕಟ್ಟಾಗಿ ಬರೆದು, ಸಹಿ ಹಾಕಿ, ಮುಚ್ಚಿಟ್ಟು — ಮಲಗಿ ನಿದ್ದೆ ಮಾಡಿದ್ದೇನೆ.

ಮೊದಲ ಕೂಟಕ್ಕೆ ಯಾರು ಹಾಡಬೇಕು ಎಂದು ಮಾತು ಬಂದಾಗ ಪುಟ್ಟಸ್ವಾಮಿ ಹೇಳಿದರು, "ಚಿಕ್ಕತಾಯಮ್ಮ ಹಾಡ್ಬೇಕು ಸಾ. ಆದ್ರೆ ಒಪ್ಪಾಕಿಲ್ಲ. ಅವತ್ತಿಂದ ಆ ಯಮ್ಮ ಮೈಕ್ ಇರೋ ಕಡೆ ಬಾಯೇ ಬಿಡ್ನಿಲ್ಲ."

ಮೈಕ್ ಇರುವ ಕಡೆ. ಈಗ ಮೈಕ್ ಇಲ್ಲದ ಮದುವೆ ಯಾವುದಿದೆ ಹೇಳಿ. ಹೆಣ್ಣಿಗೆ ಅರಿಶಿನ ಹಚ್ಚುವಾಗ ಮೈಕ್, ಮುತ್ತೈದೆಯರು ಆರತಿ ಎತ್ತುವಾಗ ಮೈಕ್. ಮೈಕ್ ಇರುವ ಕಡೆ ಹಾಡುವುದಿಲ್ಲ ಎಂದರೆ ಇನ್ನು ಹಾಡುವುದೇ ಇಲ್ಲ ಎಂದು ಅರ್ಥ. ನಾಟಿಗೆ ಯಂತ್ರ ಬಂದಿದೆ. ಗದ್ದೆಯೂ ಹೋಯಿತು.

ನಾನು ಅವರ ಊರಿಗೆ ಹೋದೆ. ನಿಜ ಹೇಳಬೇಕೆಂದೇ ಹೊರಟೆ. ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡೆ. ನರಸೀಪುರದಲ್ಲಿ ಇಳಿದು ಆಟೋ ಹತ್ತುವಷ್ಟರಲ್ಲಿ ವಾಕ್ಯ ಮೆದುವಾಯಿತು. ಅವರ ಅಂಗಳ ಮುಟ್ಟುವ ಹೊತ್ತಿಗೆ ಅದು ಬೇರೆಯೇ ವಾಕ್ಯವಾಗಿತ್ತು. "ನಮ್ಮಲ್ಲಿ ಮೈಕ್ ಇಡೋದಿಲ್ಲ ಚಿಕ್ಕತಾಯಮ್ಮ, ನೀವು ಬಂದು ಹಾಡಬೇಕು" ಎಂದೆ. ಅವರು ನಕ್ಕರು. "ಮೈಕ್ ಎತ್ತಿಟ್ರೂ ಅದು ಮೈಕ್ ಮನೆನೇ ಅಲ್ವಾ ಸಾ" ಎಂದು ಕಾಫಿ ಕೊಟ್ಟು ಕಳಿಸಿದರು. ‘ಬುದ್ಧಿ’ ಎಂಬ ಕರೆ ಹೋಗಿ ‘ಸಾ’ ಆಗಿದ್ದೆ. ಅಷ್ಟು ಪ್ರಗತಿ ಆಗಿತ್ತು.

ಹೀಗೆ ಹುಟ್ಟಿತು ಆ ನಿಯಮ. ಅವರು ಬರಲಿಲ್ಲ. ನಿಯಮ ಉಳಿಯಿತು, ಕೀರ್ತಿಯೂ ಬಂತು.

ಆರು ತಿಂಗಳು ನಾನು ಆ ಕೀರ್ತಿಯನ್ನು ಅನುಭವಿಸಿದೆ. ಇನ್ನೂ ಅನುಭವಿಸುತ್ತಿದ್ದೆನೋ ಏನೋ, ಹೋದ ತಿಂಗಳ ಕೂಟಕ್ಕೆ ಸುಮಿತ್ರ ಬರದಿದ್ದರೆ. ಪ್ರಾಥಮಿಕ ಶಾಲೆಯ ಮೇಡಂ ಎಂದಷ್ಟೇ ನನಗೆ ಗೊತ್ತಿತ್ತು. ಕೊನೆಯಲ್ಲಿ ಹೆಂಗಸರೆಲ್ಲ ಸೇರಿ ಒಂದು ಸೋಬಾನೆ ಎತ್ತಿದರು — ಕ್ಯಾಸೆಟ್ಟಿನಿಂದಲೇ ಊರೂರಿಗೆ ಹರಡಿದ ಪದ. ಈಕೆಯ ತುಟಿ ಪ್ರತಿ ಅಕ್ಷರಕ್ಕೂ ಅಲುಗುತ್ತಿತ್ತು, ದನಿ ಇಲ್ಲ. ಯಾಕಮ್ಮ ಹಾಡಲಿಲ್ಲ ಎಂದು ಆಮೇಲೆ ಕೇಳಿದೆ.

"ನಮ್ಮನೆಯವ್ರ ಗಂಟ್ಲು ಮೈಕ್‌ಗೆ ಹಿಡಿಯಲ್ಲ ಸಾರ್."

"ಇಲ್ಲಿ ಮೈಕ್ ಎಲ್ಲಿದೆ?"

"ಇಲ್ಲ ಸಾರ್, ಆದ್ರೂ ರೂಢಿ ತಪ್ಪೋಗದೆ," ಎಂದು ಆಕೆ ನಕ್ಕರು. "ನಮ್ಮವ್ವಂಗೆ ಯಾರೋ ತಿಳಿದೋರು ಪರೀಕ್ಷೆ ಮಾಡಿ ಹೇಳಿದ್ರಂತೆ, ಹುಟ್ಟಿನಿಂದ ಬಂದಿರೋದು ಅಂತ. ನಾನು ಸ್ಕೂಲಲ್ಲಿ ಪ್ರಾರ್ಥನೆಗೂ ನಿಲ್ತಿರ್ಲಿಲ್ಲ. ಈಗ ನನ್ನ ಮಗಳಿಗೂ ಅದೇ ಹೇಳ್ಬುಟ್ಟಿವ್ನಿ, ಸುಮ್ನೆ ಯಾಕೆ ಆಸೆ ಪಡೋದು ಅಂತ."

ಯಾರೋ ತಿಳಿದವರು. ಇಪ್ಪತ್ತಾರು ವರ್ಷದಲ್ಲಿ ಚಿಕ್ಕತಾಯಮ್ಮ ತಾವು ಹೆತ್ತ ಈ ಮಗಳಿಗೂ ನನ್ನ ಹೆಸರು ಹೇಳಿರಲಿಲ್ಲ. ನಾನು ಒಬ್ಬರ ಬಾಯಿ ಮುಚ್ಚಿಸಿದ್ದೆ ಎಂದುಕೊಂಡಿದ್ದೆ. ಅದು ಸಕ್ಕರೆ ಕಾಯಿಲೆಯ ಹಾಗೆ ಮನೆತನಕ್ಕೇ ಇಳಿದು, ಮೊಮ್ಮಗಳವರೆಗೆ ಬಂದು ಕೂತಿತ್ತು.

ಆ ಸಂಜೆ ಪಾರ್ವತಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ನನಗ್ಯಾಕೆ ಹೇಳ್ತೀರಿ," ಎಂದಳು. "ನನ್ನ ದನಿ ಚೆನ್ನಾಗೇ ಇದೆಯಲ್ಲ."

ಮಾರನೆಯ ದಿನ ರಿಜಿಸ್ಟರು ಚೀಲದಲ್ಲಿಟ್ಟುಕೊಂಡು ಅದೇ ಬಸ್ಸು ಹತ್ತಿದೆ. ಚಿಕ್ಕತಾಯಮ್ಮ ಮನೆಯ ಮುಂದೆ ಅವರೆಕಾಯಿ ಬಿಡಿಸುತ್ತಿದ್ದರು. ಎಪ್ಪತ್ತರ ಹತ್ತಿರದ ಜೀವ. ಹಿಂದೆ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅದರ ಪಕ್ಕದಲ್ಲಿ ಸುಮಿತ್ರ ಪದವಿಯ ಗೌನು ತೊಟ್ಟ ಪಟ. ಕುರ್ಚಿ ಹಾಕಿದರು. ನಾನು ಕೂರಲಿಲ್ಲ, ಕೂತರೆ ಮತ್ತೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಹೋಗುತ್ತದೆ ಎಂದು ಹೆದರಿ. ಮೊದಲ ಎರಡು ವಾಕ್ಯ, ಈ ಬರಹದ ಆರಂಭದಲ್ಲಿ ಇರುವವೇ, ಹೇಳಿದೆ. ಪುಟ ತೆರೆದು ತೋರಿಸಿದೆ. ಅವರಿಗೆ ಓದು ಬರುವುದಿಲ್ಲ; ನಾನೇ ಓದಿದೆ.

ಅವರ ಕೈ ಅವರೆಕಾಯಿ ಬಿಡಿಸುತ್ತಲೇ ಇತ್ತು.

"ಸ್ವಿಚ್ಚಾ?" ಎಂದರು.

"ಹೌದು."

"ಲೈಟ್ ಸ್ವಿಚ್ ಅಂತದ್ದಾ?"

"ಅದಕ್ಕಿಂತ ಚಿಕ್ಕದು."

ಮತ್ತೆ ನಾಲ್ಕಾರು ಕಾಯಿ ಬಿಡಿಸಿದರು. "ಅಂಗಾರೆ ನನ್ ದನಿ ಅವತ್ತು ಯಾರ್ಗೂ ಕೇಳ್ನೇ ಇಲ್ವಾ?"

"ನನಗೆ ಕೇಳಿತ್ತು. ಕಿವಿಗೆ ಹಾಕಿಕೊಂಡಿದ್ದೆನಲ್ಲ, ಅದರಲ್ಲಿ ಕೇಳುತ್ತಿತ್ತು. ಚೆನ್ನಾಗಿ ಕೇಳಿತ್ತು."

"ಕೇಳಿತ್ತು ಅಂತೀರಿ." ಈಗ ಕೈ ನಿಂತಿತು. "ತಾಳಿ. ಬಳೆ ಪದ ಏಳಿದ್ನಲ್ಲ. ಅದ್ರಾಗೆ ಮೂರ್ನೇ ಚರಣದಾಗೆ ಉಸ್ರು ಎಲ್ಲಿ ತಕ್ಕಂಡೆ, ಏಳಿ ನೋಡವ."

ಅವರು ಪರೀಕ್ಷೆ ಮಾಡುತ್ತಿದ್ದರು. ಆ ದಿನ ನಾನು ಮಾಡಿದೆನೆಂದು ಅವರು ನಂಬಿದ್ದಂಥ ಪರೀಕ್ಷೆಯಲ್ಲ, ನಿಜವಾದ ಪರೀಕ್ಷೆ. ನಾನು ಹೇಳಿದೆ: "ಮೂರು ಸಾಲು ಒಂದೇ ಉಸಿರಿಗೆ ಹೇಳಿದಿರಿ. ನಾಲ್ಕನೇ ಸಾಲಿನ ನಡುವೆ, ತವರಿನ ಮಾತು ಬರುವಲ್ಲಿ, ಒಂದು ಹೆಜ್ಜೆ ಹಿಂದಕ್ಕಿಟ್ಟಿರಿ. ಅಲ್ಲಿ ತೆಗೆದುಕೊಂಡಿರಿ."

ಅವರು ನನ್ನನ್ನು ನೋಡಿದರು. ಇಪ್ಪತ್ತಾರು ವರ್ಷದ ಹಿಂದೆ ‘ಅಂಗಾ ಬುದ್ಧಿ?’ ಎಂದಾಗ ನೋಡಿದಷ್ಟೇ ಹೊತ್ತು.

"ಅಂಗಾರೆ ದಿಟವಾಗ್ಲೂ ಕೇಳಿದ್ದೀರಿ," ಎಂದರು. ಆಮೇಲೆ ಮೆಲ್ಲಗೆ, "ಕೇಳ್ಕಂಡೂ ಅಂದ್ರಿ."

ಕ್ಷಮಿಸಿ ಎಂದೆ. ಆ ಮಾತು ಅಂಗಳದಲ್ಲಿ ಬಿದ್ದಿತು, ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಬೇಕೆಂದು ನಾನು ಹೇಗೆ ಬಯಸಲಿ.

ಅವರು ಮತ್ತೊಂದು ಕಾಯಿ ಕೈಗೆ ತೆಗೆದುಕೊಂಡರು. "ನಿಮ್ಮನೇಲಿ ಈಗ ಮೈಕ್ ಇಲ್ಲ ಅಂದ್ರಲ್ಲ ಸಾ."

"ಇಲ್ಲ."

"ತರ್ಸಿ."

"ನೀವು ಹಾಡ್ತೀರಾ?"

"ನಾನಲ್ಲ. ನೀವು." ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. "ಅವತ್ತು ಅಷ್ಟ್ ಜನದ ಮುಂದೆ ಅಂದ್ರಿ. ಅವ್ರು ಊರೂರ್ಗೆ ಏಳಿದ್ರು. ಇಲ್ಲಿ ನನ್ ಅಂಗಳದಾಗೆ ನಿಂತ್ಕಂಡು ಮೆತ್ತಗೆ ಏಳ್ಬುಟ್ರೆ ಅದು ಯಾರ್ಗೆ ಕೇಳ್ತದೆ? ಮೈಕ್ನಾಗೆ ಏಳಿ. ನನ್ ಮಗಳ್ಗೂ ಕೇಳ್ಬೇಕು, ಆ ಕೂಸ್ಗೂ ಕೇಳ್ಬೇಕು. ಬೀದಿಗೂ ಕೇಳ್ಲಿ."

ಆಗಲಿ ಎಂದೆ. ಹೊರಡುವಾಗ ಹಿಂದಿನಿಂದ ಮತ್ತೆ ಕರೆದರು.

"ನಿಮ್ದು ಆದ್ಮೇಲೆ ಅದ್ನ ಆರುಸ್ಬ್ಯಾಡಿ. ಸುಮ್ನೆ ಅಂಗೇ ಇರ್ಲಿ."

ತಲೆಯಾಡಿಸಿ, ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಪುಟ್ಟಸ್ವಾಮಿಗೆ ನಿನ್ನೆ ಎಲ್ಲ ಹೇಳಿದೆ. ಅವರು ಕೊರಳಿನ ಟೇಪನ್ನು ತೆಗೆದು ಸುತ್ತಿ ಜೇಬಿಗಿಟ್ಟುಕೊಂಡರು, ಮತ್ತೆ ತೆಗೆದು ಕೊರಳಿಗೆ ಹಾಕಿಕೊಂಡರು. "ನಾನು ಅದೆಷ್ಟ್ ಮನೇಲಿ ಹೇಳಿವ್ನೋ ಸಾ, ಆ ಯಮ್ಮಂದು ಹಿಡಿಯಾಕಿಲ್ಲ ಅಂತ," ಎಂದರು. "ನನ್ ಕೈಲೂ ಹೇಳ್ಸ್‌ಬುಟ್ರಲ್ಲ." ಹಾಗೆಂದವರು ಮನೆಗೆ ಹೋದರು. ಭಾನುವಾರ ಬರುತ್ತಾರೋ ಇಲ್ಲವೋ ತಿಳಿಯದು.

ಬರುವ ಭಾನುವಾರ ನಾಲ್ಕು ಗಂಟೆಗೆ, ರೈಲು ದಾಟಿದ ಮೇಲೆ, ಮೇಲಿನ ಮನೆಯಲ್ಲಿ ಈ ಬರಹವನ್ನು ಮೊದಲಿಂದ ಕೊನೆಯವರೆಗೆ ಮೈಕಿನಲ್ಲಿ ಓದುತ್ತೇನೆ. ಬರಲಾಗದವರಿಗೆ ಮತ್ತು ಆ ಕ್ಯಾಸೆಟ್ಟನ್ನು ಇನ್ನೂ ಇಟ್ಟುಕೊಂಡಿರುವವರಿಗೆ ತಿಳಿದಿರಲೆಂದು ಇಲ್ಲಿಯೂ ಅಚ್ಚಿಗೆ ಕೊಟ್ಟಿದ್ದೇನೆ. ಹಳೆಯ ಟೇಪು ಯಾರ ಮನೆಯಲ್ಲಾದರೂ ಇದ್ದರೆ ಹಾಕಿ ಕೇಳಿ. ಹಿಂದೆ ಕೇಳುವುದು ಎಕೋ ಅಲ್ಲ.

ಸುಮಿತ್ರ ಮಗಳನ್ನು ಕರೆದುಕೊಂಡು ಬರುತ್ತೇನೆಂದಿದ್ದಾರೆ. ಯಾತಕ್ಕೆ ಎಂದು ಅವರಿಗಿನ್ನೂ ಗೊತ್ತಿಲ್ಲ. ಅದನ್ನು ಅವ್ವನೇ ಮುಚ್ಚಿಟ್ಟಿದ್ದಾರೆ. ಚಿಕ್ಕತಾಯಮ್ಮ ಬರುತ್ತೇನೆಂದೂ ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ.

ಮೈಕ್ ತರಿಸಿದ್ದೇನೆ. ಇವತ್ತು ಬೆಳಿಗ್ಗೆ ಕೋಣೆಯ ನಡುವೆ ಅದನ್ನು ನಿಲ್ಲಿಸಿ, ಸ್ವಿಚ್ ಹಾಕಿ, ಒಂದೆರಡು ಮಾತಾಡಿ, ಕೆಳಗಿಳಿದು ಅಡುಗೆಮನೆಗೆ ಕೇಳಿಸಿತೇ ಎಂದು ಪಾರ್ವತಿಯನ್ನು ಕೇಳಿ, ಮೇಲೆ ಹೋಗಿ ಮತ್ತೊಮ್ಮೆ ನೋಡಿ ಬಂದೆ. ನನಗೆ ಬೇಕಾದುದಕ್ಕಿಂತ ಒಂದು ಗೇಣು ಕೆಳಗೆ ಅದರ ಎತ್ತರ ಇಟ್ಟಿದ್ದೇನೆ. ನಾನು ಬಗ್ಗಿ ಓದಿದರಾಯಿತು. ಚಾಪೆಗಳನ್ನು ಸ್ವಲ್ಪ ಆಚೆಗೆ ಸರಿಸಿ, ಮೈಕಿನ ಹಿಂದೆ ಒಂದು ಹೆಜ್ಜೆಯಷ್ಟು ನೆಲ ಖಾಲಿ ಬಿಟ್ಟಿದ್ದೇನೆ.